ಇಲ್ಲಿ ಅಂದ್ರೆ ಎಲ್ಲಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಮುಗಿದು, ಬುಟ್ಟಿಗಳು ಖಾಲಿಯಾಗಿ,
ನೆಲದಲ್ಲಿ ನಾಲ್ಕಾರು ಗೂಡು ಉರುಳಾಡುವ ಹೊತ್ತಿಗೆ
ಖುತೇಜಾ ಬಂದಳು, ಗೋಡೆ ಸವರುತ್ತ.
ನನ್ನ ಮೇಜಿನ ಅಂಚು ಸಿಕ್ಕಿದ ಮೇಲೆ ನಿಂತಳು.

"ಈ ಪುಟ ಮಾಡಿದ್ದು ನೀವೇನಾ?"
ನಾನೇ, ಅಂದೆ. ಸ್ವಲ್ಪ ಹೆಮ್ಮೆಯಿಂದಲೇ.
ನೀಲಿ ಅಕ್ಷರ, ಅಡಿಗೆರೆ, ಮೂಲೆಯಲ್ಲಿ ಹಿಪ್ಪುನೇರಳೆ ಎಲೆ,
ಎರಡು ಭಾನುವಾರ ಕೂತು ಮಾಡಿದ್ದು.

ಫೋನನ್ನು ಮೇಜಿನ ಮೇಲಿಟ್ಟು ಬೆರಳು ಸರಿಸಿದಳು.
ಒಳಗಿನಿಂದ ಒಬ್ಬಳು, ನಿದ್ದೆಗಣ್ಣಲ್ಲಿ ಹಾಜರಿ ಕೂಗುವವಳ ಹಾಗೆ:
ಇಲ್ಲಿ ಒತ್ತಿ, ಕೊಂಡಿ.
ಇಲ್ಲಿ ಒತ್ತಿ, ಕೊಂಡಿ.
ಇಲ್ಲಿ ಒತ್ತಿ, ಕೊಂಡಿ.
ಇನ್ನಷ್ಟು, ಕೊಂಡಿ.
ಇಲ್ಲಿ ಒತ್ತಿ...
ತರಗತಿಯ ತುಂಬ ಒಂದೇ ಹೆಸರಿನ ಮಕ್ಕಳು.

"ಇಲ್ಲಿ ಅಂದ್ರೆ ಎಲ್ಲಿ ಸಾರ್?"

ತೆರೆ ಮುಟ್ಟಿ ತೋರಿಸಹೋದೆ.
ಬೆರಳು ಅರ್ಧದಲ್ಲೇ ನಿಂತಿತು.
ಮೇಲಿನ ಸಾಲು ಓದಿದ್ದರೆ ಗೊತ್ತಾಗ್ತಿತ್ತಲ್ಲ, ಅಂದೆ.
"ಓದಿದೆ. ಮೊದಲಿಂದ ಕೊನೇವರೆಗೂ, ಮೂರು ಸಲ.
ನೀವು ಬಸ್‌ಸ್ಟ್ಯಾಂಡಲ್ಲಿ ಎಲ್ಲಾ ಬೋರ್ಡೂ ಓದಿ ಮುಗಿಸಿ
ಆಮೇಲೆ ಚಿಂತಾಮಣಿ ಬಸ್ ಹತ್ತುತೀರಾ?"

ಜಗಳಕ್ಕೆ ಬಂದವಳಲ್ಲ. ಟೀ ತರಿಸಿದೆ, ಕುಡಿದಳು.
ಹಮಾಲಿ ಪಿಳ್ಳಾಂಜಿನಪ್ಪ ಮೊದಲ ಸಲ
ಅವಳಿಗೆ ಇಲ್ಲಿಯ ದಾರಿ ಹೇಳಿದ್ದು ಹೀಗಂತೆ:
"ಹುಳ ಬೇಯೋ ನಾತ ಮುಗಿಯೋ ಕಡೆ ಎಡಕ್ಕೆ ತಿರುಗಮ್ಮ.
ವೆಲ್ಡಿಂಗ್ ಅಂಗಡಿ ಸದ್ದು ಬೆನ್ನಿಗೆ ಬೀಳಲಿ.
ಕಾಲಿಗೆ ಇಳಿಜಾರು ಸಿಕ್ಕಿದರೆ ಅದೇ ಗೇಟು.
ಮುಂದೆ ಮೂರು ಮೆಟ್ಟಿಲು, ಮೇಲಿನದು ಮುರಿದದೆ."
ಹೆಬ್ಬೆಟ್ಟಿನ ಮನುಷ್ಯ.
ಒಂದು ಸಲವೂ "ಅಗೋ ಅಲ್ಲಿ" ಅನ್ನಲಿಲ್ಲ.

ಖುತೇಜಾಳದ್ದು ಎರಡು ತೊಟ್ಟಿಯ ನೂಲು ಬಿಚ್ಚುವ ಮನೆ.
ಬಿಸಿನೀರಲ್ಲಿ ಬೆಂದ ಗೂಡುಗಳ ನಡುವೆ ಕೈಯಾಡಿಸಿ
ಎಳೆಯ ತುದಿ ಹಿಡಿಯಬೇಕು.
ಸರಿಯಾದ ತುದಿ ಸಿಕ್ಕಿದರೆ ಗೂಡು ಕುಣಿಯುತ್ತ ಬಿಚ್ಚಿಕೊಳ್ಳುತ್ತದೆ,
ಇಲ್ಲವಾದರೆ ಬರೀ ಸಿಕ್ಕು.
ಇದನ್ನೆಲ್ಲ ಅವಳು ಹೇಳಲಿಲ್ಲ.
ಬೊಬ್ಬೆ ಎದ್ದು ಆರಿದ ಬೆರಳು
ಗಾಜಿನ ಮೇಲೆ ತಡಕುವುದನ್ನು ನೋಡುತ್ತ
ನಾನೇ ಅಂದುಕೊಂಡೆ.

ಅವತ್ತು ಬಾಗಿಲು ಹಾಕಿಕೊಂಡು ಕೂತೆ.
ಮೊದಲನೆಯದು ಸುಲಭ: ಇಂದಿನ ಮಿಶ್ರತಳಿ ಗೂಡಿನ ದರ.
ಎರಡನೆಯದು: ಬಿಚ್ಚಾಣಿಕೆದಾರರ ಲೈಸೆನ್ಸ್ ನವೀಕರಣ, ಅರ್ಜಿ, ಎರಡು ಪುಟ.
ಆಮೇಲೆ: ಠೇವಣಿ ವಾಪಸು ಬಾರದಿದ್ದರೆ ದೂರು.
ಹೆಸರಿಡಬೇಕಾದರೆ ಒಳಹೊಕ್ಕು ನೋಡಬೇಕು.
ನಾಲ್ಕನೆಯದನ್ನು ಒತ್ತಿದೆ. ಯಾವುದೋ ಹಳೆಯ ಸುತ್ತೋಲೆ,
ಓರೆಯಾಗಿ ಸ್ಕ್ಯಾನ್ ಆದದ್ದು, ಸಹಿಯೇ ಇಲ್ಲ.
ಐದನೆಯದು ಬರೀ ಬಿಳಿ ಗೋಡೆ.
ಎರಡು ವರ್ಷದಿಂದ ಆ ಗೋಡೆಗೆ ಜನರನ್ನು ಕಳಿಸಿದ್ದೇನೆ,
ಇಲ್ಲಿ, ಇಲ್ಲಿ ಎಂದು ಕೈಮಾಡಿ.
ಒಬ್ಬರೂ ವಾಪಸು ಬಂದು ಬೈದಿಲ್ಲ.
ಕಣ್ಣಿದ್ದವರು ತಪ್ಪು ತಮ್ಮದೇ ಎಂದುಕೊಂಡು
ಹೋಗಿರಬೇಕು.

ಎಲೆಯನ್ನು ಆ ದನಿ
"ಚಿತ್ರ, ಫೈನಲ್, ಎರಡು" ಎಂದು ಕರೆಯುತ್ತಿತ್ತು.
ಅದಕ್ಕೇನು ಹೆಸರಿಡಲಿ?
ಚಂದಕ್ಕಿದ್ದೀಯ, ಸುಮ್ಮನಿರು ಎಂದೆ.

ಮುಂದಿನ ಶನಿವಾರ ಮತ್ತೆ ಅದೇ ಮೇಜು, ಅದೇ ಫೋನು.
ನಿದ್ದೆಗಣ್ಣಿನವಳು ದರ ಎಂದಳು, ಲೈಸೆನ್ಸ್ ಎಂದಳು,
ದೂರು ಎಂದಾಗ ಖುತೇಜಾಳ ಬೆರಳು ನಿಂತಿತು.
ನಾಲ್ಕು ಸಾವಿರದ ಚಿಲ್ಲರೆ, ರಂಜಾನಿಗೂ ಮುಂಚಿನ ಬಾಕಿ.
ಮೊದಲ ದಿನ ಅವಳು ಬಂದದ್ದೂ ಅದಕ್ಕೇ.
ನಾನು ಕೇಳಿರಲಿಲ್ಲ.

ಬರೆದು ಮುಗಿಸಿ, ಎದ್ದು,
ಬಾಗಿಲ ಹತ್ತಿರ ಮುಖ ತಿರುಗಿಸಿದಳು:
"ಕೊನೇದು 'ಹೆಚ್ಚಿನ ಮಾಹಿತಿ' ಅಂತದೆ ಸಾರ್.
ಯಾವುದಕ್ಕಿಂತ ಹೆಚ್ಚು?"

ಮುರಿದ ಮೆಟ್ಟಿಲು, ಜೋಪಾನ, ಎಂದು ಕೂಗಲು ಬಾಯಿ ತೆರೆದೆ.
ಆಗಲೇ ದಾಟಿದ್ದಳು.